ತಾತ ಯಾವ ಯುದ್ಧದಲ್ಲಿ ‘ಪೊಲೀಸ್’ ಆಗಿದ್ದರು?

ಪಾಂಡವಪುರದ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಪಾಂಡವಪುರದ ಹತ್ತಿರ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ಹುಟ್ಟಿದ್ದು 1922ರಲ್ಲಿ. ಯುದ್ಧದ ಕಾಲದಲ್ಲಿ ಅವರು ಪೊಲೀಸ್ ಕೂಡ ಆಗಿದ್ದರು ಅನ್ನೋದು ಮನೆಯವರ ಮಾತು. ಸಂಬಳಕ್ಕಲ್ಲ, ಸ್ವಂತ ಇಷ್ಟದಿಂದ. ಸಂಜೆ ಸ್ಕೂಲ್ ಬಿಟ್ಟ ಮೇಲೆ ಖಾಕಿ ಹಾಕಿಕೊಂಡು, ಲಾಠಿ ಹಿಡಿದು ಪಹರೆಗೆ ಹೋಗುತ್ತಿದ್ದರಂತೆ. ಅದು ಹಿಟ್ಲರ್ ಯುದ್ಧವೇ ಅಂತ ದೊಡ್ಡಪ್ಪ ಅಡ್ಡಗೋಡೆ ಹಾಕಿದ ಹಾಗೆ ಹೇಳುತ್ತಾರೆ. ಎದುರು ಮಾತಾಡುವ ಹಾಗಿಲ್ಲ.

ಅಟ್ಟದ ಟ್ರಂಕಿನಲ್ಲಿ ಗಂಡಭೇರುಂಡ ಇರುವ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಗೆದ್ದಲು ಅರ್ಧ ತಿಂದ ಒಂದು ಚೀಟಿಯೂ ಇದೆ. 1939ರಿಂದ 1945ರ ಪೊಲೀಸ್ ದಾಖಲೆ ಕೇಳಿಕೊಂಡು ಒಂದು ಕಚೇರಿಗೆ ಹೋದೆ. ‘ಹಳೇ ಫೈಲೆಲ್ಲ ಯಾವತ್ತೋ ಹೋಯ್ತು ಬಿಡಪ್ಪ’ ಅಂದರು. ಇನ್ನೆಲ್ಲಿ ಹುಡುಕಲಿ?

ಹಳೇ ಕಾಗದ:
ಗಂಡಭೇರುಂಡ ನೋಡಿ ಮೋಸ ಹೋಗಬೇಡಿ. ಮಹಾರಾಜರ ಕಾಲದಲ್ಲೂ ಅದೇ, ಆಮೇಲಿನ ಮೈಸೂರು ರಾಜ್ಯಕ್ಕೂ ಅದೇ, ಇವತ್ತಿನ ಕರ್ನಾಟಕಕ್ಕೂ ಅದೇ. ಬಿಲ್ಲೆಯ ಮೇಲೆ ರಾಜ್ಯದ ಹೆಸರು ಇದ್ದರೆ ಸ್ವಲ್ಪ ಉಪಯೋಗ. ‘ಮೈಸೂರು’ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು, ಅಷ್ಟೇ.

ಚೀಟಿಯಲ್ಲಿ ದುಡ್ಡಿನ ಲೆಕ್ಕ ಏನಾದರೂ ಇದೆಯಾ? ಆಣೆ ಇದ್ದರೆ ನಿಮ್ಮ ದೊಡ್ಡಪ್ಪ ಗೆಲ್ಲಬಹುದು. ಆಗ 1940ರ ದಶಕದ ಕಾಗದದಲ್ಲಿ ನಿಮ್ಮೂರನ್ನು ಫ್ರೆಂಚ್ ರಾಕ್ಸ್ ಅಂತಲೂ ಹುಡುಕಬೇಕು. ಮಂಡ್ಯ ಜಿಲ್ಲೆ ಆಗಿದ್ದೇ 1939ರ ಜುಲೈಯಲ್ಲಿ. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದಾಗ ಅದು ಎರಡು ತಿಂಗಳ ಕೂಸು. ಅದಕ್ಕೇ ಮೈಸೂರು ಜಿಲ್ಲೆಯ ಕಡತಗಳನ್ನೂ ಬಿಡಬೇಡಿ.

ಪಾಂಡವಪುರದ ಮೊಮ್ಮಗ:
ಸಾರ್, ಈಗಷ್ಟೇ ಭೂತಗನ್ನಡಿ ಹಿಡಿದು ನೋಡಿದೆ. ಅದು ಟೈಲರ್ ಚೀಟಿ! ‘ಖಾಕಿ ಶರಟು 1, ಕೂಲಿ 1 ರೂ. 75 ನ.ಪೈ.’ ಅಂತಿದೆ. ತಾರೀಕು ಇದ್ದ ಮೂಲೆಯೇ ಗೆದ್ದಲ ಪಾಲು. ‘ನ.ಪೈ.’ ಅಂದರೆ?

ಹಳೇ ಕಾಗದ:
ನಯಾ ಪೈಸೆ! 1957ರ ಏಪ್ರಿಲ್‌ನಲ್ಲಿ ಬಂತು, 1964ರಲ್ಲಿ ‘ನಯಾ’ ಬಿದ್ದುಹೋಯಿತು. ಅಭ್ಯಾಸಕ್ಕೆ ಬಿದ್ದು ಆಮೇಲೂ ಒಂದಷ್ಟು ದಿನ ಬರೆದವರು ಇರಬಹುದು. ಹೇಗಿದ್ದರೂ ಹಿಟ್ಲರ್ ಯುದ್ಧ ಅಲ್ಲ. ಚೀನಾ ಯುದ್ಧ ಇರಬೇಕು, 1962. ಮನೆಯಲ್ಲಿ ಅಜ್ಜಿ ಇದ್ದರೆ ‘ಯಾವ ಯುದ್ಧ’ ಅಂತ ಕೇಳಬೇಡಿ. ಆಗ ಮನೆಯಲ್ಲಿ ಏನು ನಡೀತು ಅಂತ ಕೇಳಿ.

ಮೈಸೂರಿನ ಹಳೇ ಸೀಟಿ:
ನಾನು ಮೈಸೂರಿನಲ್ಲಿ ಗೃಹರಕ್ಷಕನಾಗಿದ್ದವನು. ಎಷ್ಟೋ ದಸರಾ ಬಂದೋಬಸ್ತ್‌ನಲ್ಲಿ ನಿಂತು ಆನೆಗಿಂತ ಜನರ ಬೆನ್ನನ್ನೇ ಜಾಸ್ತಿ ನೋಡಿದ್ದೇನೆ. ನಿಮ್ಮ ತಾತ ಪೊಲೀಸ್ ಅಲ್ಲಪ್ಪ, ಹೋಂ ಗಾರ್ಡ್. ನಮ್ಮ ರಾಜ್ಯದ ಹೋಂ ಗಾರ್ಡ್ ಕಾಯ್ದೆ ಬಂದಿದ್ದೂ 1962ರಲ್ಲೇ. ಬೆಳಗ್ಗೆ ಮೇಷ್ಟ್ರು, ಸಂಜೆ ಖಾಕಿ ಅನ್ನೋದು ನಮ್ಮವರ ಕಥೆಯೇ. ಡ್ಯೂಟಿಗೆ ಕರೆದಾಗ ಪೊಲೀಸರ ಅಧಿಕಾರ ಇರುತ್ತೆ, ಆದರೆ ನಾವು ಪೊಲೀಸ್ ನೌಕರರಲ್ಲ. ಪೊಲೀಸ್ ಇಲಾಖೆಯ ಸೇವಾ ಪುಸ್ತಕದಲ್ಲಿ ಹುಡುಕಿದರೆ ಏನು ಸಿಗುತ್ತೆ? ಮಂಡ್ಯದ ಜಿಲ್ಲಾ ಗೃಹರಕ್ಷಕ ದಳದ ಕಚೇರಿಯಲ್ಲಿ ಕೇಳಿ.

ಹಳೇ ಕಾಗದ:
ಬರೀ ಬಾಯಲ್ಲಿ ಕೇಳಬೇಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. 20 ವರ್ಷಕ್ಕಿಂತ ಹಳೆಯ ವಿಷಯಕ್ಕೆ ‘ಕೊಡಲ್ಲ’ ಅನ್ನಲು ಅವರಿಗಿರುವ ಕಾರಣಗಳೂ ಕಡಿಮೆ. ಫೈಲ್ ನಾಶವಾಗಿದೆ ಅಂದರೆ ನಾಶಪಡಿಸಿದ ಆದೇಶದ ಪ್ರತಿ ಕೇಳಿ. ಎಷ್ಟೋ ಸಲ ಆಗ ಫೈಲೇ ಎದ್ದು ಬರುತ್ತೆ! ತಾತ ಸರ್ಕಾರಿ ಮೇಷ್ಟ್ರು ಅಲ್ವಾ? ಶಿಕ್ಷಣ ಇಲಾಖೆಯಲ್ಲಿ ಅವರ ಸೇವಾ ಪುಸ್ತಕಕ್ಕೂ ಇನ್ನೊಂದು ಅರ್ಜಿ ಹಾಕಿ. ತರಬೇತಿಗೆ ಹೋಗಿದ್ದರೆ ರಜೆಯ ಪುಟದಲ್ಲಿ ಗುರುತು ಸಿಗಬಹುದು.

ಪಾಂಡವಪುರದ ಮೊಮ್ಮಗ:
ಅಜ್ಜಿಯನ್ನು ಕೇಳಿದೆ. ‘ಅದೇ ಕಣ್ಲಾ ಮಗ, ನೆಹರೂ ಇದ್ದಾಗ. ಯುದ್ಧದ ಫಂಡಿಗೆ ಅಂತ ನನ್ನ ಓಲೆ ಬಿಚ್ಚಿಸಿಕೊಂಡು ಹೋಗಿ ಕೊಟ್ಟು ಬಂದ್ರು ನಿಮ್ಮ ತಾತ. ಇನ್ನೊಂದು ಜೊತೆ ಮಾಡಿಸ್ತೀನಿ ಅಂದವ್ರು ಮಾಡಿಸ್ಲೇ ಇಲ್ಲ’ ಅಂದರು. ಅರವತ್ತು ವರ್ಷದ ಸಿಟ್ಟು ಇನ್ನೂ ಬಿಸಿಯಾಗೇ ಇದೆ.

ಎರಡೂ ಅರ್ಜಿ ಸೋಮವಾರ ಹಾಕುತ್ತೇನೆ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಹಬ್ಬ ಕಳೆಯಲಿ.