ಸ್ಲ್ಯಾಗ್ ಸಿಮೆಂಟಿನ ಕಿಟ್ಟ, ವೆಲ್ಡಿಂಗ್ ಕಿಟ್ಟ, ಹಳೇ ಕುಲುಮೆ ಕಿಟ್ಟ: ಎಲ್ಲ ಒಂದೇನಾ?

ಯಲಹಂಕ_ಸೈಟ್:
ಮೋಲ್ಡ್ ಹಾಕೋಕೆ ಮೇಸ್ತ್ರಿ ಸ್ಲ್ಯಾಗ್ ಸಿಮೆಂಟ್ ತರಿಸಿದ್ದಾರೆ. ಸ್ಲ್ಯಾಗ್ ಅಂದ್ರೆ ಕಿಟ್ಟ ತಾನೆ? ವೆಲ್ಡರ್ ಕುಟ್ಟಿ ಉದುರಿಸೋದೂ ಅದೇ, ಕಬ್ಬಿಣಯುಗದ ಉತ್ಖನನ ವರದಿಗಳಲ್ಲಿ ಬರೋದೂ ಅದೇ. ಈ ಕಸ ತಾರಸಿಗೆ ಹಾಕಬಹುದಾ?

ಕಾಂಕ್ರೀಟ್_ಲ್ಯಾಬ್:
ಧಾರಾಳವಾಗಿ. ಅದಿರಿನ ಕಲ್ಮಶ ಸುಣ್ಣಕಲ್ಲಿನ ಜೊತೆ ಕರಗಿ ಲೋಹದ ಮೇಲೆ ತೇಲುತ್ತೆ, ಅದು ಕಿಟ್ಟ. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆ ಇರೋ ಕಡೆ ಊದುಕುಲುಮೆಯಿಂದ (ಬ್ಲಾಸ್ಟ್ ಫರ್ನೇಸ್) ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಬೀಳುತ್ತಿದ್ದಂತೆ ನೀರು ಚಿಮ್ಮಿಸಿದರೆ, ಹರಳುಗಟ್ಟೋಕೆ ಪುರುಸೊತ್ತಿಲ್ಲದೆ ಗಾಜಿನ ಮರಳಾಗುತ್ತೆ. ನುಣ್ಣಗೆ ಅರೆದ ಈ ಗಾಜೇ ಸಿಮೆಂಟಿನ ಸುಣ್ಣ ಸಿಕ್ಕಾಗ ಗಟ್ಟಿಯಾಗೋದು. ತಾನಾಗೇ ಆರೋಕೆ ಬಿಟ್ಟರೆ ಬರೀ ಕಲ್ಲು. ಜಲ್ಲಿಗೆ ಆದೀತು, ಸಿಮೆಂಟಿಗಲ್ಲ. ಸ್ಲ್ಯಾಗ್ ಸಿಮೆಂಟಿನ ಭಾರತೀಯ ಮಾನಕ ಐಎಸ್ 455ರಲ್ಲಿ ಕಿಟ್ಟದ ಪಾಲು ಶೇ. 25ರಿಂದ 70.

ಎಡವೋದು ಕ್ಯೂರಿಂಗಿನಲ್ಲಿ. ಮೊದಲ ದಿನಗಳಲ್ಲಿ ಬಲ ನಿಧಾನಕ್ಕೆ ಬರುತ್ತೆ. ಕನಿಷ್ಠ 10 ದಿನ ನೀರು, ಬೇಸಿಗೆಯಾದರೆ 14. ಮಾಮೂಲಿ ಸಿಮೆಂಟಿನ ಲೆಕ್ಕದಲ್ಲಿ ಸೆಂಟ್ರಿಂಗ್ ಬಿಚ್ಚಬೇಡಿ. ಉಕ್ಕಿನ ಕುಲುಮೆ ಕಿಟ್ಟ ಮಾತ್ರ ಬೇರೆ: ಅದರಲ್ಲಿ ಸೇರದೆ ಉಳಿದ ಸುಣ್ಣ ನೀರು ಕುಡಿದು ಉಬ್ಬುತ್ತೆ.

ಪೀಣ್ಯ_ಫ್ಯಾಬ್:
ನಮ್ಮ ವೆಲ್ಡಿಂಗ್ ಕಿಟ್ಟಕ್ಕೂ ಅದಿರಿಗೂ ಸಂಬಂಧವಿಲ್ಲ, ವೆಲ್ಡಿಂಗ್ ರಾಡಿನ ಲೇಪ ಕರಗಿದ್ದು. ಬಿಸಿ ಬೆಸುಗೆಗೆ ಗಾಳಿ ತಾಗದಂತೆ ಮುಚ್ಚುತ್ತೆ. ಮುಂದಿನ ರನ್‌ಗೆ (ಬೆಸುಗೆಯ ಮುಂದಿನ ಸಾಲಿಗೆ) ಮುಂಚೆ ಕುಟ್ಟಿ ಬ್ರಷ್ ಹೊಡೆಯದಿದ್ದರೆ ಒಳಗೇ ಉಳಿದು ಜಾಯಿಂಟ್ ದುರ್ಬಲ. 3.15 ಎಂಎಂ ದಪ್ಪದ, 6013 ದರ್ಜೆಯ ರಾಡಿಗೆ 90–130 ಆಂಪಿಯರ್. ತೀರಾ ಕಡಿಮೆಯಿಟ್ಟರೆ ಕಿಟ್ಟ ಆರ್ಕ್‌ಗಿಂತ (ರಾಡಿನ ತುದಿಯ ವಿದ್ಯುತ್ ಕಿಡಿಗಿಂತ) ಮುಂದೆ ಓಡುತ್ತೆ.

ನೆಲೆಶೋಧ:
ಹಳೇ ಕಿಟ್ಟ ಕೈಗೆತ್ತಿಕೊಂಡರೆ ಭಾರ, ಕಬ್ಬಿಣ ಬಹಳಷ್ಟು ಅದರಲ್ಲೇ ಉಳಿದಿರುತ್ತೆ. ಆಗಿನ ಕುಲುಮೆಯ ಕಾವು 1,200 ಡಿಗ್ರಿಯ ಆಸುಪಾಸು, ಕಬ್ಬಿಣ ಕರಗೋಕೆ 1,538 ಬೇಕು. ಹಾಗಾಗಿ ಕಿಟ್ಟ ಹರಿದುಹೋಗಿ, ಕಬ್ಬಿಣ ತೂತುತೂತು ಗಡ್ಡೆಯಾಗಿ ಉಳೀತಿತ್ತು. ಹೊರಮೈಯಲ್ಲಿ ಹರಿದ ಗೆರೆ, ಒಡೆದ ಕಡೆ ಬೂದುಗಪ್ಪು, ಗುಳ್ಳೆ. ಜಂಬಿಟ್ಟಿಗೆ ಕಲ್ಲನ್ನೇ ಕಿಟ್ಟ ಅಂದುಕೊಳ್ಳೋರು ಬಹಳ. ಪಿಂಗಾಣಿ ಟೈಲ್ಸಿನ ಒರಟು ಬೆನ್ನಿಗೆ ಉಜ್ಜಿದರೆ ಜಂಬಿಟ್ಟಿಗೆ ಕೆಂಗಂದು ಗೆರೆ ಬಿಡುತ್ತೆ. ಅದಿರು ಕರಗಿಸಿದ ಜಾಗವೋ ಕಮ್ಮಾರಸಾಲೆಯೋ ತಿಳಿಯೋಕೆ ಮಣ್ಣಲ್ಲಿ ಅಯಸ್ಕಾಂತ ಆಡಿಸ್ತಾರೆ: ಸುತ್ತಿಗೆ ಏಟಿಗೆ ಸಿಡಿದ ತೆಳು ಚಕ್ಕೆಗಳು ಅಂಟಿದರೆ ಅಲ್ಲಿ ಕಮ್ಮಾರಿಕೆ ನಡೆದಿತ್ತು. ನೀವಾಗಿ ನೆಲೆಯಿಂದ ಏನನ್ನೂ ಎತ್ತಬೇಡಿ.

ಯಲಹಂಕ_ಸೈಟ್:
ಚೀಲದ ಮೇಲೆ ಏನು ನೋಡಲಿ?

ಕಾಂಕ್ರೀಟ್_ಲ್ಯಾಬ್:
ಐಎಸ್ 455 ಗುರುತು, ತಯಾರಾದ ವಾರ. ಮೂರು ತಿಂಗಳು ದಾಟಿದ್ದರೆ ಪರೀಕ್ಷೆ ಮಾಡಿಸದೆ ಬಳಸಬೇಡಿ.