ಬೋಲ್ಟ್ ತಲೆಯ ಮೇಲಿನ 8.8 ಮತ್ತು ಜೋಡಣೆಯ ಹೆಸರು

ಪ್ರಶ್ನೆ: ನಕ್ಷೆಯ ಟಿಪ್ಪಣಿಯಲ್ಲಿ ‘ಎಂ20, 8.8, ಸ್ನಗ್ ಟೈಟ್’ ಎಂದಿದೆ. ಆದರೆ ನಮ್ಮ ಸೈಟಿನಲ್ಲಿ 8.8 ಬೋಲ್ಟ್ ಹಾಕಿದ ಜೋಡಣೆಯನ್ನೆಲ್ಲ ಫ್ರಿಕ್ಷನ್ ಗ್ರಿಪ್ ಎಂದೇ ಕರೆಯುತ್ತಾರೆ. ಇದು ಸರಿಯೇ?

ಉತ್ತರ 1: ಸರಿಯಲ್ಲ. 8.8 ಎಂಬುದು ಬೋಲ್ಟಿನ ಬಲವನ್ನಷ್ಟೇ ಹೇಳುತ್ತದೆ: ಕರ್ಷಣ ಬಲ (ಎಳೆದಾಗ ತುಂಡಾಗದೆ ತಾಳುವ ಮಿತಿ) 800 ಮೆಗಾಪ್ಯಾಸ್ಕಲ್, ಯೀಲ್ಡ್ ಬಲ (ಶಾಶ್ವತವಾಗಿ ಹಿಗ್ಗತೊಡಗುವ ಮಿತಿ) ಅದರ 0.8 ಭಾಗ, ಅಂದರೆ 640. ಜೋಡಣೆಗೆ ಹೆಸರು ಬರುವುದು ಭಾರವು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ದಾಟುವ ಬಗೆಯಿಂದ. ಸ್ನಗ್ ಟೈಟ್ ಎಂದರೆ ಒಬ್ಬ ಕೆಲಸಗಾರ ಸಾಮಾನ್ಯ ಸ್ಪ್ಯಾನರಿನಿಂದ ತನ್ನ ಪೂರ್ಣ ಶಕ್ತಿ ಹಾಕಿ ಬಿಗಿದಷ್ಟು. ಅಲ್ಲಿ ಎಂ20, ಅಂದರೆ 20 ಮಿ.ಮೀ. ವ್ಯಾಸದ ಬೋಲ್ಟಿಗೆ ಕೊರೆದ 22 ಮಿ.ಮೀ. ರಂಧ್ರದೊಳಗೆ ಪ್ಲೇಟು ತುಸು ಜಾರಿ, ರಂಧ್ರದ ಅಂಚು ಬೋಲ್ಟಿಗೆ ಒತ್ತಿಕೊಂಡು ಭಾರವನ್ನು ದಾಟಿಸುವುದರಿಂದ ಅದು ಬೇರಿಂಗ್ ಜೋಡಣೆ. ಬೋಲ್ಟಿಗೆ ನಿಗದಿತ ಮುಂಬಿಗಿತ (ಭಾರ ಬರುವ ಮೊದಲೇ ಬಿಗಿದು ತಂದ ಎಳೆತ) ಕೊಟ್ಟು, ಜಾರುವಿಕೆಯನ್ನು ಘರ್ಷಣೆಯೇ ತಡೆಯುವಂತೆ ಮಾಡಿದರೆ ಮಾತ್ರ ಫ್ರಿಕ್ಷನ್ ಗ್ರಿಪ್.

ಉತ್ತರ 2: ಪ್ಲೇಟಿನ ಮೈಯೂ ಮುಖ್ಯ. ಉಕ್ಕಿನ ನಿರ್ಮಾಣದ ಭಾರತೀಯ ಸಂಹಿತೆ ಐಎಸ್ 800:2007ರಲ್ಲಿ ಸಂಸ್ಕರಿಸದ ಮೇಲ್ಮೈಗೆ ಜಾರು ಗುಣಾಂಕ (ಘರ್ಷಣೆಯ ಅಳತೆ) 0.20, ಗ್ರಿಟ್ ಬ್ಲಾಸ್ಟ್ ಮಾಡಿ (ಒರಟು ಕಣಗಳನ್ನು ರಭಸದಿಂದ ಸಿಡಿಸಿ) ಸಡಿಲ ತುಕ್ಕು ತೆಗೆದದ್ದಕ್ಕೆ 0.50 ಇದೆ. ಫ್ರಿಕ್ಷನ್ ಗ್ರಿಪ್ ಎಂದು ನಕ್ಷೆಯಲ್ಲಿ ಬರೆದು, ಕೂಡುವ ಮುಖಗಳಿಗೂ, ಘರ್ಷಣೆ ತಗ್ಗುವಂತೆ, ಧಾರಾಳವಾಗಿ ಬಣ್ಣ ಬಳಿಸಿದ್ದನ್ನು ನಾನೇ ಕಂಡಿದ್ದೇನೆ!

ಪ್ರಶ್ನೆ ಕೇಳಿದವರು: ಹಾಗಾದರೆ ನಮ್ಮದು ಬೇರಿಂಗ್ ಜೋಡಣೆಯೇ. ಬಿಲ್ಲಿನಲ್ಲಿರುವ ಪದವನ್ನು ನಾಳೆಯೇ ತಿದ್ದಿಸುತ್ತೇನೆ.