ಬ್ರಾಹ್ಮೀ ಘೃತ: ಒಂದೇ ಹೆಸರಿನ ಎರಡು ಬಾಟಲಿಗಳಲ್ಲಿ ಮೂಲಿಕೆಗಳು ಬೇರೆ ಬೇರೆ ಏಕೆ?

ಪ್ರಶ್ನೆ (ಪುತ್ತೂರಿನಿಂದ):
ದ್ವಿತೀಯ ಪಿಯುಸಿ ಓದುತ್ತಿರುವ ಮಗಳಿಗೆ ಬ್ರಾಹ್ಮೀ ಘೃತ (ಮೂಲಿಕೆ ಹಾಕಿ ಕಾಯಿಸಿದ ಔಷಧದ ತುಪ್ಪ) ಕೊಟ್ಟರೆ ಓದಿದ್ದು ನೆನಪಿನಲ್ಲಿ ಉಳಿಯುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಅಂಗಡಿಯಲ್ಲಿ ಎರಡು ತಯಾರಕರ ಬಾಟಲಿಗಳಿದ್ದವು. ಒಂದರಲ್ಲಿ ಬ್ರಾಹ್ಮಿಯ ಜೊತೆಗೆ ಬಜೆ, ಕೋಷ್ಠ ಮತ್ತು ಶಂಖಪುಷ್ಪಿ ಮಾತ್ರ ಇದ್ದರೆ, ಇನ್ನೊಂದರಲ್ಲಿ ಶುಂಠಿ, ಕಾಳುಮೆಣಸು, ಹಿಪ್ಪಲಿ, ತಿಗಡೆ, ದಂತಿ, ಕಕ್ಕೆ, ವಾಯುವಿಳಂಗ ಮುಂತಾದವುಗಳ ಉದ್ದ ಪಟ್ಟಿಯಿತ್ತು. ಇವುಗಳಲ್ಲಿ ಯಾವುದು ಸರಿ? ತೋಟದಲ್ಲಿ ಒಂದೆಲಗ ಹೇರಳವಾಗಿದೆ. ಅದರಿಂದಲೇ ಮನೆಯಲ್ಲಿ ಮಾಡಿಕೊಳ್ಳಬಹುದೇ?

ಉತ್ತರ 1 (ಆಯುರ್ವೇದ ವೈದ್ಯರು):
ಎರಡೂ ಸರಿಯೇ, ಆದರೆ ಎರಡೂ ಒಂದೇ ಔಷಧವಲ್ಲ. ಮೊದಲನೆಯದು ಚರಕಸಂಹಿತೆಯ ಅಪಸ್ಮಾರ (ಮೂರ್ಛೆರೋಗ) ಚಿಕಿತ್ಸೆಯಲ್ಲಿ ಬರುವ ಯೋಗ, ಅಂದರೆ ಔಷಧ ಮಿಶ್ರಣ. ಅಲ್ಲಿ ಹೇಳಿರುವುದು ಹಳೆಯ ತುಪ್ಪವನ್ನು. ಎರಡನೆಯದು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಉನ್ಮಾದದ (ಮಾನಸಿಕ ರೋಗದ) ಪ್ರಕರಣದಲ್ಲಿದೆ. ಸ್ಮೃತಿ, ಮೇಧೆ ಮತ್ತು ಸ್ವರಕ್ಕೆ ಹಿತವೆಂಬ ಮಾತು ಅಲ್ಲಿ ಇದೆಯಾದರೂ ತಿಗಡೆ ಮತ್ತು ದಂತಿ ಎರಡೂ ಭೇದಿ ಮಾಡಿಸುವ ದ್ರವ್ಯಗಳು ಎಂಬುದನ್ನು ಮರೆಯಬಾರದು. ಪರೀಕ್ಷೆಯ ದಿನಗಳಲ್ಲಿ ಹುಡುಗಿಯೊಬ್ಬಳಿಗೆ ಅದನ್ನು ಟಾನಿಕ್ಕಿನಂತೆ ದಿನವೂ ಕುಡಿಸುವುದನ್ನು ನಾನಂತೂ ಒಪ್ಪುವುದಿಲ್ಲ. ಶಾಸ್ತ್ರೋಕ್ತ ಔಷಧಗಳ ಲೇಬಲ್ಲಿನಲ್ಲಿ ಆಕರ ಗ್ರಂಥದ ಹೆಸರು ಇರುತ್ತದೆ; ಕೊಳ್ಳುವ ಮೊದಲು ಅದನ್ನು ಓದಿ.

ಒಂದೆಲಗದ ವಿಷಯ ಹೀಗಿದೆ: ನಮ್ಮ ಕಡೆ ಅದನ್ನೇ ಬ್ರಾಹ್ಮಿ ಎನ್ನುವುದು ರೂಢಿ. ಔಷಧಗಳ ಅಧಿಕೃತ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೋಪಿಯ ಮಾತ್ರ ಅದನ್ನು ಮಂಡೂಕಪರ್ಣಿ ಎಂದು ಬೇರೆಯಾಗಿರಿಸಿ, ಗದ್ದೆಯ ಅಂಚಿನ ಜೌಗಿನಲ್ಲಿ ಬೆಳೆಯುವ ಸಣ್ಣ, ದಪ್ಪ ಎಲೆಯ ನೀರುಬ್ರಾಹ್ಮಿಯನ್ನು ಬ್ರಾಹ್ಮಿಯೆಂದು ಗುರುತಿಸುತ್ತದೆ. ಎರಡೂ ಮೇಧ್ಯ (ಬುದ್ಧಿಗೆ ಹಿತ) ಎಂದೇ ಪ್ರಸಿದ್ಧವಾದರೂ ಗಿಡಗಳು ಬೇರೆ, ಸಾರವೂ ಬೇರೆ.

ಉತ್ತರ 2 (ಶಿರಸಿಯಿಂದ):
ನಮ್ಮ ಮನೆಯಲ್ಲಿ ಘೃತ ಕಾಯಿಸುವ ಪದ್ಧತಿ ಇರುವುದರಿಂದ ಪಾಕದ ಬಗ್ಗೆ ಬರೆಯುತ್ತೇನೆ. ಶಾರ್ಙ್ಗಧರ ಸಂಹಿತೆಯ ಸಾಮಾನ್ಯ ನಿಯಮದಂತೆ ಕಲ್ಕ (ಅರೆದ ಮೂಲಿಕೆಗಳ ಮುದ್ದೆ) 1 ಪಾಲು, ತುಪ್ಪ 4 ಪಾಲು, ದ್ರವ 16 ಪಾಲು. ಯೋಗದಲ್ಲೇ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಅಷ್ಟಾಂಗಹೃದಯದ ಬ್ರಾಹ್ಮೀ ಘೃತಕ್ಕೆ ತುಪ್ಪದ ಎರಡರಷ್ಟು ರಸ ಸಾಕು. ಹಸಿ ರಸದಿಂದ ಮಾಡುವ ಪಾಕವನ್ನು ಒಂದೇ ದಿನದಲ್ಲಿ ಮುಗಿಸದೆ ಮೂರು ದಿನಗಳಿಗೆ ಹಂಚಬೇಕು. ನೀರಿನಂಶ ಇರುವವರೆಗೆ ತುಪ್ಪದ ಬಿಸಿ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದು ಆರಿದ ಕೂಡಲೇ ಬಿಸಿ ಒಮ್ಮೆಲೇ ಏರಿ ಕಲ್ಕ ಸೀಯುತ್ತದೆ. ಹೀಗಾಗಿ ಕೊನೆಯ ಅರ್ಧ ಗಂಟೆ ಒಲೆಯ ಮುಂದಿನಿಂದ ಏಳುವಂತಿಲ್ಲ. ಎಣ್ಣೆಯ ಪಾಕದಲ್ಲಿ ಕೊನೆಗೆ ನೊರೆ ಏಳುತ್ತದೆ, ತುಪ್ಪದಲ್ಲಿ ನೊರೆ ಅಡಗುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಕೆಂಡಕ್ಕೆ ಹಾಕಿದರೆ ಚಟಚಟ ಸದ್ದು ಬರಬಾರದು. ಸದ್ದು ಬಂದರೆ ತೇವ ಉಳಿದಿದೆ ಎಂದೇ ತಿಳಿಯಬೇಕು, ಅಂಥ ತುಪ್ಪ ಬೇಗ ಕೆಡುತ್ತದೆ.

ಇಷ್ಟು ಹೇಳಿದರೂ, ದಂತಿಯಂಥ ಮೂಲಿಕೆ ಸೇರುವ ಯೋಗವನ್ನು ಮನೆಯಲ್ಲಿ ಮಾಡಬೇಡಿ.

ಉತ್ತರ 3 (ಔಷಧಶಾಸ್ತ್ರ ಓದಿದವರು):
ನೀರುಬ್ರಾಹ್ಮಿಯ ಕುರಿತು ಜನರ ಮೇಲೆ ನಡೆದ ಪ್ರಯೋಗಗಳಲ್ಲಿ ಹೆಚ್ಚಿನವು ಒಣ ಸಾರದ ಮಾತ್ರೆಗಳನ್ನು ಬಳಸಿದವು, ಅದೂ ಬಹುತೇಕ 12 ವಾರಗಳಷ್ಟು ಕಾಲ. ಆ ಫಲಿತಾಂಶವನ್ನು ತುಪ್ಪಕ್ಕೆ ನೇರವಾಗಿ ಅನ್ವಯಿಸಲಾಗದು. ಮುಂದಿನ ವಾರದ ಪರೀಕ್ಷೆಗೆ ಈ ವಾರ ಕುಡಿಸುವುದರಲ್ಲಂತೂ ಅರ್ಥವಿಲ್ಲ. ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದ್ದು, ಅದರ ವಿಷಗುಣದ ಕಾರಣ ಅಮೆರಿಕದಲ್ಲಿ ಬಜೆಯನ್ನು ಆಹಾರದಲ್ಲಿ ಸೇರಿಸುವುದಕ್ಕೆ ನಿಷೇಧವಿದೆ. ಆದ್ದರಿಂದ ಚಿಕ್ಕ ಪಟ್ಟಿಯ ಬಾಟಲಿಯನ್ನೂ ತಿಂಗಳುಗಟ್ಟಲೆ ನಮ್ಮಷ್ಟಕ್ಕೆ ಮುಂದುವರಿಸುವುದು ಸಲ್ಲದು. ಅಪಸ್ಮಾರಕ್ಕೆ ಹೇಳಿದ ಯೋಗವೆಂದು ಮೂರ್ಛೆರೋಗದ ಮಾತ್ರೆ ನಿಲ್ಲಿಸಿ ಇದನ್ನು ಹಿಡಿಯುವವರೂ ಇದ್ದಾರೆ. ಅದು ಪ್ರಾಣಕ್ಕೇ ಅಪಾಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮಗಳಿಗೆ ಬೇರೆ ಕಾಯಿಲೆಯೇನೂ ಇಲ್ಲ. ನಿದ್ದೆ ಮಾತ್ರ ಕಡಿಮೆಯಾಗಿದೆ. ಹಾಗಾದರೆ ಒಂದೆಲಗವನ್ನು ತಂಬುಳಿಯಾಗಿ ಕೊಟ್ಟರೆ ಸಾಕೇ?

ಉತ್ತರ 1 (ಆಯುರ್ವೇದ ವೈದ್ಯರು):
ತಂಬುಳಿ ಆಹಾರವಾದ್ದರಿಂದ ವಾರಕ್ಕೆ ಎರಡು ಮೂರು ಸಲ ಊಟದಲ್ಲಿ ಧಾರಾಳವಾಗಿ ಬಡಿಸಿ. ನಿದ್ದೆ ಕಡಿಮೆಯಾಗಿದ್ದರೆ ಓದುವ ಸಮಯವನ್ನು ಮೊದಲು ಸರಿಪಡಿಸಬೇಕು. ಘೃತವೇ ಬೇಕೆಂದು ಅತ್ತೆಯವರು ಪಟ್ಟು ಹಿಡಿದರೆ ಮಗಳನ್ನು ಹತ್ತಿರದ ವೈದ್ಯರಲ್ಲಿಗೆ ಕರೆದೊಯ್ಯಿರಿ, ಏಕೆಂದರೆ ಹಸಿವೆ ಹೇಗಿದೆ ಎಂದು ನೋಡದೆ ಘೃತದ ಪ್ರಮಾಣ ಹೇಳಲಾಗುವುದಿಲ್ಲ. ಅಗ್ನಿ (ಜೀರ್ಣಶಕ್ತಿ) ಮಂದವಾಗಿರುವಾಗ ಕೊಟ್ಟ ತುಪ್ಪ ಹೊಟ್ಟೆ ಭಾರ ಮಾಡಿ ಇದ್ದ ಹಸಿವೆಯನ್ನೂ ಕೆಡಿಸುತ್ತದೆ. ಕೊಡುವುದೆಂದು ತೀರ್ಮಾನವಾದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿನ ಜೊತೆ ಕೊಟ್ಟು, ಮತ್ತೆ ಚೆನ್ನಾಗಿ ಹಸಿವಾದ ಮೇಲಷ್ಟೇ ತಿಂಡಿ ಕೊಡಿ.